ಹಿಂದಕ್ಕೆ ಸರಿದ ಸೀಟು

ಕೊಕ್ಕರೆ,

ಫೋನ್ ಎತ್ತುತ್ತಿಲ್ಲ, ಅದಕ್ಕೇ ಠಾಣೆಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಆಟೋದವರ ಕೈಯಲ್ಲಿ ನಿನ್ನ ಗೆಳೆಯನ ಮನೆಗೆ ಕಳಿಸುತ್ತೇನೆ, ನೀನು ಇನ್ನೆಲ್ಲಿಗೆ ಹೋಗಿರುತ್ತೀಯೆ? ಪ್ರೀತಿಯ ತಮ್ಮ ಎಂದು ಶುರುಮಾಡಲು ಇವತ್ತು ಕೈ ಬರುತ್ತಿಲ್ಲ.

ಅಪ್ಪ ಒಳಗೆ ಬೆಂಚಿನ ಮೇಲಿದ್ದಾರೆ. ಮಧ್ಯಾಹ್ನ ಅದೇ ಮನೆಯಲ್ಲಿ ಊಟ ಮುಗಿಸಿ ನೀವಿಬ್ಬರೂ ಬರುವಾಗ ನಿನ್ನ ಕಾರು ಒಬ್ಬ ಟೈಲರ್‌ನ ಸೈಕಲ್ಲಿಗೆ ಗುದ್ದಿತು. ಆತನ ಬಲಗಾಲು ಮುರಿದಿದೆ, ಮಿಷನ್ ತುಳಿಯುವ ಕಾಲು. ಪೊಲೀಸರು ಬಂದಾಗ ಸ್ಟೀರಿಂಗ್ ಹಿಂದೆ ಅಪ್ಪ ಇದ್ದರು, ನಿನ್ನ ಪತ್ತೆಯಿರಲಿಲ್ಲ. ಕುಡಿದಿದ್ದಾರೇನೋ ಎಂದು ಅಪ್ಪನಿಂದ ಯಂತ್ರಕ್ಕೆ ಊದಿಸಿದರು, ಸೊನ್ನೆ ಬಂತು. ಕೆಮ್ಮಿನ ಔಷಧಿಯನ್ನೂ ಮೂಸಿ ನೋಡಿ ಕುಡಿಯುವವರಿಗೆ ಇನ್ನೇನು ಬರಬೇಕು?

ನಾನು ಹೋದಾಗ ಅವರು ಹೇಳಿದ್ದು ಇಷ್ಟೇ: "ಗಾಡಿ ನಾನೇ ಓಡಿಸ್ತಿದ್ದೆ. ಇನ್ನೇನೂ ಹೇಳಲ್ಲ. ಸುಮ್ನಿರೋದು ನಮ್ಮ ಹಕ್ಕು ಅಂತ ನೀನೇ ಹೇಳ್ಕೊಟ್ಟಿದ್ದಲ್ವಾ ಮಗಳೇ?" ಹೌದು, ಊಟಕ್ಕೆ ಕೂತಾಗಲೆಲ್ಲ ಹೇಳಿಕೊಟ್ಟಿದ್ದೆ. ಹಿಡಿದವರು ಯಾಕೆ ಹಿಡಿದೆವೆಂದು ತಿಳಿಸಬೇಕು, ವಕೀಲರನ್ನು ನೋಡಲು ಬಿಡಬೇಕು, ಬಾಯಿ ಬಿಡಿಸಲು ಹೊಡೆಯಬಾರದು. ಕುಡಿದು ಓಡಿಸಿದವನಿಗೂ ಇವೆಲ್ಲ ಉಂಟು. ಆಗ ನೀನು, "ಅಕ್ಕ, ಅನ್ನ ಆರ್ತಿದೆ, ಭಾಷಣ ಸಾಕು" ಎನ್ನುತ್ತಿದ್ದೆ.

ಕ್ರೇನಿನಲ್ಲಿ ಎಳೆದು ತಂದು ಹೊರಗೆ ನಿಲ್ಲಿಸಿದ್ದ ನಿನ್ನ ಕಾರಿನೊಳಗೆ ಇಣುಕಿದೆ. ಡ್ರೈವರ್ ಸೀಟು ಪೂರ್ತಿ ಹಿಂದಕ್ಕೆ ಸರಿದಿತ್ತು. ಬಾಳೆಲ್ಲ ಬಸ್ ಓಡಿಸಿದ ಅಪ್ಪ, ಸೀಟು ಮುಂದೆಳೆದು ಕನ್ನಡಿ ತಿರುಗಿಸದೆ ಕೀಲಿ ಮುಟ್ಟಿದವರಲ್ಲ. ನಮಗೆ ಗಾಡಿ ಕಲಿಸಿದಾಗ ಮೊದಲ ದಿನವಿಡೀ ಅದನ್ನೇ ಮಾಡಿಸಿದ್ದರು, ಮರೆತೆಯಾ? ಆ ಸೀಟಿನಲ್ಲಿ ಕೂತರೆ ಅವರ ಗಿಡ್ಡ ಕಾಲು ಕ್ಲಚ್ಚಿಗೆ ಎಟಕುವುದಿಲ್ಲ. ನಿನ್ನ ಕೊಕ್ಕರೆ ಕಾಲಿಗೆ ಮಾತ್ರ ಎಟಕುತ್ತದೆ. ಪೊಲೀಸರು ನೋಡಿಲ್ಲ. ತಪ್ಪು ನನ್ನದೇ ಎನ್ನುವವನು ಸಿಕ್ಕ ಮೇಲೆ ಸೀಟು ಯಾರು ನೋಡುತ್ತಾರೆ?

ನಾಚಿಕೆ ಇಲ್ಲವೇನೋ ನಿನಗೆ? ರಸ್ತೆಗೆ ಅಡ್ಡ ಬಂದ ಕೋಳಿಗೂ ಗಾಡಿ ತಾಗಿಸದ ಮನುಷ್ಯ ಅಪ್ಪ. ಟೈಲರ್‌ನ ಹೆಂಡತಿ ಬಂದು, "ಕಣ್ಣು ಕಾಣದ ಮುದುಕನಿಗೆ ಸ್ಟೀರಿಂಗ್ ಯಾಕೆ ಬೇಕಿತ್ತು?" ಎಂದು ಎಲ್ಲರೆದುರು ಬೈದಳು. ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡರು. ಅವಳು ಹೋದ ಮೇಲೆ ಅವರು ನನ್ನ ಕಿವಿಯಲ್ಲಿ ಕೇಳಿದ್ದು, "ನಿನ್ನ ತಮ್ಮನಿಗೇನೂ ಪೆಟ್ಟಾಗಿಲ್ಲ ತಾನೇ?"

ಸುಮ್ಮನಿರುವ ಹಕ್ಕು ನಿನಗೂ ಇದೆ. ಅದನ್ನು ಕಿತ್ತುಕೊಳ್ಳಲು ಬಂದವರಿಗೆ ನಾನೇ ಅಡ್ಡ ನಿಲ್ಲುತ್ತೇನೆ. ಆದರೆ ನಿನ್ನ ಬಾಯಿ ಮುಚ್ಚಿಕೊಳ್ಳುವುದು ಬೇರೆ, ಅಪ್ಪನ ಬಾಯಲ್ಲಿ ಸುಳ್ಳು ಆಡಿಸುವುದು ಬೇರೆ. ಕುಡಿದದ್ದು ರಕ್ತದಿಂದ ಇಳಿಯಲಿ ಎಂದು ಅಡಗಿ ಕೂತಿದ್ದೀಯೆ, ಗೊತ್ತು. ಇಳಿಯುವ ಮೊದಲೇ ಬಾ. ವಕೀಲೆಯಾಗಿ ಯಾರಿಗೂ ಹೀಗೆ ಹೇಳಿದವಳಲ್ಲ, ಅಕ್ಕನಾಗಿ ಹೇಳುತ್ತಿದ್ದೇನೆ.

ಬಂದರೆ ಪಕ್ಕದಲ್ಲೇ ಕೂರುತ್ತೇನೆ. ನಿನ್ನ ಮೇಲೆ ಒಬ್ಬರೂ ಕೈ ಮಾಡದಂತೆ ನೋಡಿಕೊಳ್ಳುತ್ತೇನೆ, ಜಾಮೀನಿಗೂ ಓಡಾಡುತ್ತೇನೆ. ಬಾರದಿದ್ದರೆ ಇನ್ಸ್‌ಪೆಕ್ಟರನ್ನು ಕರೆದು ಆ ಸೀಟು ತೋರಿಸುತ್ತೇನೆ. ಅಪ್ಪನ ವಕಾಲತ್ತಿಗೆ ಸಹಿ ಹಾಕಿದರೆ ಅವರ ಗುಟ್ಟು ನನ್ನ ಗುಟ್ಟಾಗಿಬಿಡುತ್ತದೆ, ಆಮೇಲೆ ಸೀಟು ತೋರಿಸುವಂತಿಲ್ಲ. ಅದಕ್ಕೇ ಇನ್ನೂ ಹಾಕಿಲ್ಲ.

ಟೈಲರ್‌ನನ್ನು ರಸ್ತೆಯಲ್ಲೇ ಬಿಟ್ಟು ಓಡಿದ ಆ ಉದ್ದ ಕಾಲುಗಳು ನಿನ್ನನ್ನು ಠಾಣೆಯ ಮೆಟ್ಟಿಲವರೆಗೆ ಹೊತ್ತು ತರಲಿ. ನನ್ನ ಹತ್ತಿರ ಇವತ್ತು ಇರುವ ಆಶೀರ್ವಾದ ಇದೊಂದೇ.

ಬಾಗಿಲ ಕಡೆಗೇ ನೋಡುತ್ತಿರುವ,
ಅಕ್ಕ