ಹತ್ತನೆಯ ಗುಂಡು

ಅಕ್ಟೋಬರ್ 6, ಭಾನುವಾರ. ಸಂಜೆ

ಮತ್ತೆ ಮೊಣಕಾಲಿಗೆ ಐಸ್. ಅರವತ್ತೊಂದಾಯಿತು. ಓಹಾಯೋದ ಈ ಕಾಡಿನಲ್ಲಿ ತೆವಳುತ್ತಾ, ಬಣ್ಣ ತುಂಬಿದ ಗುಂಡು ಹೊಡೆದಾಡುವ ಪೇಂಟ್‌ಬಾಲ್ ಆಡುವುದು... ಯಾರಿಗೆ ಬೇಕು ಈ ಹಾಳು ಚಟ. ಹುಡುಗರದ್ದು ಬ್ಯಾಟರಿ ಗನ್ನು, ಬಣ್ಣದ ಮಳೆ. ನಮ್ಮದು ಹಳೇ ಪಂಪ್ ಗನ್ನು. ಟ್ಯೂಬಿಗೆ ಹತ್ತೇ ಗುಂಡು. ಪ್ರತಿ ಸಲ ಗನ್ ಬಗ್ಗಿಸಿ ಗುಂಡು ಉರುಳಿಸಬೇಕು, ಪಂಪ್ ಎಳೆಯಬೇಕು, ಆಮೇಲೆ ಹೊಡೆಯಬೇಕು. ಎದುರಿನವನು ಎಣಿಸುತ್ತಿರುತ್ತಾನೆ. ರೆಫರಿ ಇಲ್ಲ. ಬಣ್ಣ ಬಿದ್ದವನೇ ಕೈ ಎತ್ತಿ ಹೊರಗೆ ನಡೆಯಬೇಕು. ಮೂವತ್ತು ವರ್ಷದಿಂದ ನಮ್ಮದು ಇದೊಂದೇ ಕಾನೂನು.

ಕೊನೆಯ ಆಟದಲ್ಲಿ ಉಳಿದದ್ದು ನಾನು, ಎಲ್ವುಡ್. ಮೊದಲ ದಿನದಿಂದ ಜೊತೆಗಿರುವವನು. ಈಗ ಅವನಿಗೆ ಪಾರ್ಕಿನ್ಸನ್, ಬಲಗೈ ನಡುಗುತ್ತದೆ. ಅವನ ಗುಂಡು ಒಂಬತ್ತು ಎಣಿಸಿದೆ, ಒಂಬತ್ತೂ ಮರಕ್ಕೆ. ಹತ್ತನೆಯದು ನನ್ನ ಸೊಂಟದ ಹಿಂದೆ ಚುರ್ ಎಂದಿತು.

ಕೈ ಎತ್ತಲಿಲ್ಲ. ಓಕ್ ಎಲೆಯಿಂದ ಒರೆಸಿಕೊಂಡೆ. ಈ ವರ್ಷ ಒಂದು ಆಟವನ್ನೂ ಗೆದ್ದಿರಲಿಲ್ಲ, ಅಷ್ಟೇ ಕಾರಣ. ಎದ್ದು ಹೋಗಿ ಅವನಿಗೆ ಗುಂಡು ಹೊಡೆದೆ.

"ಹತ್ತೂ ಹೋಯ್ತಲ್ಲೋ ಗಸ್," ಅಂದ, ಕೈ ನೋಡಿಕೊಂಡು. "ಇಪ್ಪತ್ತು ಹೆಜ್ಜೆ ಇರ್ಲಿಲ್ಲ. ಅದೂ ತಪ್ತು."

"ಗಾಳಿ ಇತ್ತು ಬಿಡೋ."

ಎಲೆ ಅಲುಗದ ದಿನ.

ಅಕ್ಟೋಬರ್ 7

ಪ್ಯಾಂಟು ಒಗೆಯಲು ಹಾಕಲಿಲ್ಲ. ಕಿತ್ತಳೆ ಕಲೆ ಪೂರ್ತಿ ಹೋಗಿಲ್ಲ. ಮರ್ನಾ ನೋಡಿದಳು. "ಗೆದ್ದೆ ಅಂದೆ, ಇದೇನು ಮತ್ತೆ?" ಒದ್ದೆ ಮರಕ್ಕೆ ಒರಗಿದ್ದೆ ಅಂದೆ. ಹೆಂಡತಿಗೂ ಸುಳ್ಳು.

ಅಕ್ಟೋಬರ್ 13, ಭಾನುವಾರ

ಎಲ್ವುಡ್ ಬರಲಿಲ್ಲ. ನಾನೂ ಆಡದೆ ವಾಪಸ್ ಬಂದೆ. ಸುಸ್ತು.

ಅಕ್ಟೋಬರ್ 19, ಶನಿವಾರ. ಬೆಳಗ್ಗೆ

ಅವನೇ ಬಂದ. ಹಳೇ ಟವೆಲ್ಲಿನಲ್ಲಿ ಸುತ್ತಿದ ಗನ್ನು ಮೇಜಿನ ಮೇಲಿಟ್ಟ.

"ಇಟ್ಕೋ. ನನ್ನ ಕೈ ಮುಗೀತು ಕಣೋ. ಆ ದಿನಾನೇ ಗೊತ್ತಾಯ್ತು."

"ನನಗ್ಯಾಕೋ?"

"ಇನ್ಯಾರಿಗೆ ಕೊಡ್ಲಿ? ಆ ಹುಡುಗರೆಲ್ಲ ಒರೆಸ್ಕೊಳ್ಳೋ ಜಾತಿ. ನೀನೊಬ್ಬ ಮರ್ಯಾದಸ್ಥ."

ಅವನ ಕಾಫಿ ಚೆಲ್ಲಿತು. ಒರೆಸಲು ಬಟ್ಟೆ ತೆಗೆದುಕೊಂಡೆ, ಕೈ ಮುಂದೆ ಹೋಗಲಿಲ್ಲ. ಅವನು ಹೊರಟುಹೋದ. ಥೂ.

ಅದೇ ದಿನ, ಮಧ್ಯಾಹ್ನ 3

ಅವನ ಮನೆ ಮುಂದೆ, ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಪ್ಯಾಂಟು, ಗನ್ನು ಎರಡನ್ನೂ ಹಿಡಿದು ಹೋಗಿದ್ದೆ.

"ನಿನ್ನ ಹತ್ತನೇದು. ಬಿತ್ತು. ಒರೆಸ್ಕೊಂಡೆ."

ನಡುಗುವ ಬೆರಳಿನಿಂದ ಕಲೆ ಮುಟ್ಟಿ ನೋಡಿದ. ಇನ್ನೊಂದು ಸಲ ಮುಟ್ಟಿದ. ಗನ್ನು ಕಿತ್ತುಕೊಂಡ.

"ಹದಿಮೂರು ದಿನ ಕಣೋ! ಹದಿಮೂರು ದಿನ ಈ ಕೈನ ಬೈದಿದೀನಿ. ನಡಿಯೋ ಆಚೆ, ಕಳ್ಳ ನನ್ಮಗನೇ."

ಬಂದೆ. ಕಾರು ಸ್ಟಾರ್ಟ್ ಮಾಡಲು ಮನಸ್ಸು ಬರುತ್ತಿಲ್ಲ. ಹಿತ್ತಲಿನಲ್ಲಿ ಪಂಪ್ ಎಳೆಯುವ ಸದ್ದು. ಟಪ್. ನಿಧಾನ... ಮತ್ತೆ ಟಪ್. ಬೇಡವೆಂದರೂ ಎಣಿಸುತ್ತಿದ್ದೇನೆ. ಗುರಿಗಿಟ್ಟ ತಗಡಿರಬೇಕು, ಆರನೆಯದು ಟಣ್ ಎಂದು ಬಿತ್ತು. ಎಂಟನೆಯದೂ.

ಒಂಬತ್ತು. ಹತ್ತನೆಯದರ ಸದ್ದಿಲ್ಲ. ಬೇಲಿಯಾಚೆ ಅವನ ಟೋಪಿ ಕಾಣುತ್ತಿದೆ, ಗನ್ನು ಹಿಡಿದು ಈ ಕಡೆಗೇ ಬರುತ್ತಿದ್ದಾನೆ. ಇಳಿದು ಬೆನ್ನು ತಿರುಗಿಸಿ ನಿಲ್ಲುತ್ತೇನೆ. ಈ ಸಲ ಕೈ ಎತ್ತಿಕೊಂಡೇ —