ಮಾರಿಪೋಸಾ ಇವತ್ತೇ ಈಯುತ್ತಾಳೆ

ಎವಾರಿಸ್ತೊ,

ನನ್ನ ಮಗಳಿಗೆ ಹೆರಿಗೆ ನೋವು ಶುರುವಾಗಿದೆ ಅಂತ ಅಳಿಯ ಫೋನ್ ಮಾಡಿದ. ದಿನ ತುಂಬೋಕೆ ಇನ್ನೂ ಮೂರು ವಾರ ಇತ್ತು. ಅವರಿರೋ ಯೋಪಾಲ್‌ಗೆ ಹೊರಟೆ. ಕುದುರೆ ಹುಡುಕೋಕೆ ಹೋದ ನೀನು ಬರೋವರೆಗೆ ಕಾಯೋಕೆ ಆಗಲ್ಲ.

ಲುಸೆರಿತೊಳ ಹಾಲು ಕರೆದಿಲ್ಲ. ಮೊದಲು ಕರು ಬಿಡು, ಎರಡು ಗುಟುಕು ಕುಡಿದ ಮೇಲೆ ಅದನ್ನು ಅವಳ ಮುಂಗಾಲಿಗೆ ಕಟ್ಟು. ಆಮೇಲೆ ಅವಳ ಹೆಸರು ಹಿಡಿದು ಹಾಡು. ಹಾಡದೆ ಕೂತರೆ ಸೊರೆ ಬಿಡುವುದಿಲ್ಲ, ಹಾಲು ಇಳಿಯಲ್ಲ, ಒದೆಯುತ್ತಾಳೆ. ನಿನ್ನದು ಕತ್ತೆ ದನಿ ಅಂತ ನಾಚಿಕೊಳ್ಳಬೇಡ, ನಗೋಕೆ ಇವತ್ತು ನಾನೂ ಇರಲ್ಲ.

ಮಾರಿಪೋಸಾ ಬೆಳಿಗ್ಗೆಯಿಂದ ಮೇವು ಮುಟ್ಟಿಲ್ಲ. ಬಾಲದ ಬುಡ ಸಡಿಲವಾಗಿದೆ. ಸಂಜೆಯೊಳಗೆ ಈಯುತ್ತಾಳೆ. ಅವಳ ಹತ್ತಿರವೇ ಕೂತಿರು, ನಾಯಿಯನ್ನು ಕಟ್ಟಿಹಾಕು. ಕರುವಿನ ಎರಡು ಗೊರಸು, ಅವುಗಳ ಮೇಲೆ ಮೂಗು ಕಾಣುವವರೆಗೆ ಎಳೆಯಬೇಡ. ಕಂಡ ಮೇಲೂ ಕರು ಹೊರಗೆ ಬರದಿದ್ದರೆ, ಅವಳು ತಿಣುಕಿದಾಗ ಮಾತ್ರ ಎಳೆ. ಅವಳು ನಿಲ್ಲಿಸಿದರೆ ನೀನೂ ನಿಲ್ಲಿಸು.

ಹೋದ ವರ್ಷ ನೀನು ಅವಸರಪಟ್ಟು ಎಳೆದೆ, ಅವಳ ಕರು ಸತ್ತಿತು. ಇನ್ನು ಯಾವ ಹಸುವಿನ ಮೇಲೂ ಕೈ ಹಾಕಬೇಡ ಅಂತ ನಾನು ಅಂದೆ. ಸಿಟ್ಟಿನಲ್ಲಿ ಅಂದ ಮಾತು ಅದು. ನೀನು ಅದನ್ನೇ ಹಿಡಿದುಕೊಂಡು ವರ್ಷವಿಡೀ ಕೊಟ್ಟಿಗೆ ಕಡೆ ತಲೆ ಹಾಕಲಿಲ್ಲ. ಎಲ್ಲ ಕೆಲಸ ನಾನೊಬ್ಬಳೇ ಮಾಡಿದೆ. ಇವತ್ತು ಮಗಳಿಗೂ ಮಾರಿಪೋಸಾಗೂ ನೋವು ಒಟ್ಟಿಗೇ ಬಂತು, ನನಗಿರೋದು ಎರಡೇ ಕೈ.

ಅರೇಪಾ ಒಲೆಯ ಮೇಲಿದೆ, ತಿನ್ನು.

ಕರು ಎಳೆಯುವ ಹಗ್ಗ ಕಳೆದುಹೋಯಿತು ಅಂದಿದ್ದೆನಲ್ಲ, ಅದು ಸುಳ್ಳು. ನಿನ್ನ ಕೈಗೆ ಸಿಗದಿರಲಿ ಅಂತ ಬಚ್ಚಿಟ್ಟಿದ್ದೆ. ನನ್ನ ಬಟ್ಟೆ ಪೆಟ್ಟಿಗೆಯ ತಳದಲ್ಲಿದೆ. ಬಿಸಿನೀರಲ್ಲಿ ತೊಳೆದು ತಗೊ.

ಕೆಲಸ ಮುಗಿದ ಮೇಲೆ ವಾಪಸ್ ಅಲ್ಲಿ ಇಡಬೇಡ. ಕೊಟ್ಟಿಗೆಯಲ್ಲೇ ನೇತುಹಾಕು.

ಅಕ್ಕ