ಪೈಲಟನ ಹೆಸರು

೧೬ ನವೆಂಬರ್ ೨೦೨೫, ರವಿವಾರ

ಇಳಾಗೆ ಜೋಡಿ ಪೈಲಟ್ ವಿರಾಜನೋ, ಡಾಕ್ಟರ್ ನೀಲನೋ? ‘ಹನ್ನೆರಡನೇ ಕಕ್ಷೆ’ ಟಿವಿ ಸರಣಿ ಶುರುವಾದಾಗಿನಿಂದ ತಲೆ ತಿಂದ ಈ ಜಗಳ ಇವತ್ತು ನಮ್ಮ ಮನೆಯಲ್ಲೇ ತೀರ್ಮಾನವಾಯಿತು! ನಾನೂ ಅಕ್ಕ ಸೌಮ್ಯಾನೂ ವಿರಾಜನ ಕಡೆ. ಅವಳ ಕ್ಲಾಸಿನ ಆ ಕೆಲಗೇರಿಯ ಮಹಾರಾಯ ಒಬ್ಬನೇ ನೀಲನ ಕಡೆ. ಆದರೂ ಜಗ್ಗುವವನಲ್ಲ.

ನಮ್ಮ ಕೂಗಾಟದ ನಡುವೆ ಅವಲಕ್ಕಿ ತಂದಿಟ್ಟ ಅಜ್ಜಿ ಟಿವಿ ನೋಡುತ್ತಲೇ ಅಂದಳು: “ಅಕಿ ರೋಬೋಟಿಗೂ ಹೆಸರು ಹಿಡದು ಕರೀತಾಳ. ಆ ಇಮಾನ ಹೊಡಿಯಾಂವನ ಹೆಸರು ಒಮ್ಮೆರೆ ತಗದಾಳೇನು? ನಾ ನಿಮ್ಮಜ್ಜನ ಹೆಸರು ಐವತ್ತು ವರ್ಷ ತಗದಿಲ್ಲವಾ. ಮನಸಿನ್ಯಾಗ ಇದ್ದಾಂವನ ಹೆಸರು ಬಾಯಾಗ ಬರಂಗಿಲ್ಲ.”

ಆರೂ ಕಂತುಗಳನ್ನು ಮತ್ತೆ ಓಡಿಸಿ ನೋಡಿದೆವು. “ಏ”, “ಇಲ್ಲಿ ಕೇಳು”, ಅಷ್ಟೇ. ‘ವಿರಾಜ’ ಅಂತ ಒಂದು ಸಲವೂ ಇಲ್ಲ! ಸೌಮ್ಯಾ ಸೋಫಾ ಮೇಲೆ ಹತ್ತಿ ಕುಣಿದಳು. ಅವನು ನನ್ನ ಕಡೆ ನೋಡಿ ನಕ್ಕ. “ಅಜ್ಜಿ ಹೇಳಿದ್ದು ಖರೇ ಐತ್ರಿ. ನಾ ಸೋತೆ” ಅಂದ.

ಗೆದ್ದ ಖುಷಿಗೆ ನಿದ್ದೆಯೇ ಬರುತ್ತಿಲ್ಲ. ಬರೆದದ್ದನ್ನು ಈಗ ಓದಿ ನೋಡಿದೆ. ಇಳಾ, ವಿರಾಜ, ನೀಲ, ಸೌಮ್ಯಾ, ಎಲ್ಲರ ಹೆಸರೂ ಇದೆ. ಆ ಕೆಲಗೇರಿಯವನದು ಮಾತ್ರ...

ಅಯ್ಯೋ ಶಿವನೇ. ಹೋದ ತಿಂಗಳ ಪುಟಗಳಲ್ಲೂ ಇಲ್ಲ.